ಎಕೋ ನಿಂತಂತೆ ಕಂಡು ಮತ್ತೆ ಬರುತ್ತಿದ್ದರೆ: ಸ್ಟೀರಿಯೋ ಹಾಲ್‌ನ ದೋಷ ಹುಡುಕುವ ಕೈಪಿಡಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕಾಲೇಜು, ಕಚೇರಿಗಳ ಹಾಲ್‌ಗಳಲ್ಲಿ ಆನ್‌ಲೈನ್ ಸಭೆ ಈಗ ಮಾಮೂಲಿ. ವೇದಿಕೆಯ ಎರಡೂ ಬದಿಗೆ ಒಂದೊಂದು ಸ್ಪೀಕರ್, ಮೇಜಿನ ಮೇಲೆ ಮೈಕ್, ಪಕ್ಕದಲ್ಲಿ ಒಂದು ಲ್ಯಾಪ್‌ಟಾಪ್. ಸಭೆಯ ಆ ತುದಿಯಲ್ಲಿರುವವರ ದೂರು ಮಾತ್ರ ಎಲ್ಲಾ ಕಡೆ ಒಂದೇ: ‘ನಮ್ಮ ಮಾತು ನಮಗೇ ವಾಪಸ್ ಕೇಳಿಸ್ತಿದೆ, ಏನಾದ್ರೂ ಮಾಡಿ.’ ಹಾಲ್‌ನವರು ವಾಲ್ಯೂಮ್ ಇಳಿಸುತ್ತಾರೆ. ಹಿಂದಿನ ಸಾಲಿಗೆ ಕೇಳುವುದಿಲ್ಲ. ಮತ್ತೆ ಏರಿಸುತ್ತಾರೆ. ಮತ್ತೆ ದೂರು.

ಮೈಕ್ ಸೆಟ್ ನೋಡಿಕೊಳ್ಳುವವರಿಗೂ, ಎಕೋ ಕ್ಯಾನ್ಸಲರ್ (ಮೈಕ್ ಸಿಗ್ನಲ್‌ನಿಂದ ಎಕೋ ಕಳೆಯುವ ವ್ಯವಸ್ಥೆ) ಕೋಡ್ ಬರೆಯುವವರಿಗೂ ಆಗಲಿ ಅಂತ ಇದನ್ನು ಬರೆದಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಕೋ ಕೇಳಿಸುತ್ತಿಲ್ಲ ಅಂದ ಮಾತ್ರಕ್ಕೆ ಕ್ಯಾನ್ಸಲರ್‌ನೊಳಗಿನ ಫಿಲ್ಟರ್ ನಿಮ್ಮ ಹಾಲನ್ನು ಸರಿಯಾಗಿ ಕಲಿತಿದೆ ಅಂತ ಅಲ್ಲ. ಒಂದೇ ಸ್ಪೀಕರ್ ಇದ್ದಾಗ ಈ ಎರಡೂ ಹೆಚ್ಚು ಕಡಿಮೆ ಒಂದೇ. ಎರಡು ಸ್ಪೀಕರ್ ಬಂದ ಕೂಡಲೇ ಬೇರೆ ಬೇರೆ ಆಗುತ್ತವೆ. ಸ್ಟೀರಿಯೋ ಎಕೋದ ದೊಡ್ಡ ತಲೆನೋವೆಲ್ಲ ಇಲ್ಲೇ ಇದೆ.

ದೋಷ ಯಾವ ಊರಿನಲ್ಲಿದೆ?

ಬಳ್ಳಾರಿಗೂ ಬೆಂಗಳೂರಿಗೂ ಸಭೆ ನಡೆಯುತ್ತಿದೆ ಅಂದುಕೊಳ್ಳಿ. ತನ್ನ ಮಾತು ವಾಪಸ್ ಕೇಳುವವನು ಬೆಂಗಳೂರಿನಲ್ಲಿದ್ದರೆ ದೋಷ ಬಳ್ಳಾರಿಯಲ್ಲಿದೆ. ಬಳ್ಳಾರಿಯವರಿಗೆ ತಮ್ಮ ಮಾತು ಕೇಳಿಸಿದರೆ ದೋಷ ಬೆಂಗಳೂರಿನಲ್ಲಿದೆ. ಇದನ್ನು ಉಲ್ಟಾ ತಿಳಿದು ತಮ್ಮ ಹಾಲ್‌ನ ವೈರನ್ನೆಲ್ಲ ಬಿಚ್ಚುವವರು ಬಹಳ ಜನ. ಪರೀಕ್ಷೆ ಸುಲಭ. ನಿಮ್ಮ ಮೈಕ್ ಮ್ಯೂಟ್ ಮಾಡಿ. ಆ ಕಡೆಯವರಿಗೆ ಎಕೋ ನಿಂತರೆ ದೋಷ ನಿಮ್ಮ ಹಾಲ್‌ನದು.

‘ಕುಂಯ್’ ಅಂತ ಕೂಗಿದರೆ ಅದು ಎಕೋ ಅಲ್ಲ, ಫೀಡ್‌ಬ್ಯಾಕ್. ನಿಮ್ಮ ಮೈಕ್ ನಿಮ್ಮದೇ ಸ್ಪೀಕರ್‌ಗೆ ಹೋಗಿ ಸುತ್ತು ಹೊಡೆಯುತ್ತಿದೆ. ಎಕೋ ಕ್ಯಾನ್ಸಲರ್ ಇರುವುದು ಅದಕ್ಕಲ್ಲ. ಮಾತು ವಾಪಸ್ ಬರದೆ ಬರೀ ಬಾವಿಯೊಳಗಿಂದ ಬಂದ ಹಾಗೆ ಇದ್ದರೆ ಅದು ಹಾಲ್‌ನ ಗುಂಗು. ಅದಕ್ಕೆ ಬೇಕಾದದ್ದು ಕರ್ಟನ್, ಫಿಲ್ಟರ್ ಅಲ್ಲ.

ಫಿಲ್ಟರ್ ಮಾಡುವ ಕೆಲಸ ಇಷ್ಟೇ. ಸ್ಪೀಕರ್‌ಗೆ ಹೋಗುವ ಸಿಗ್ನಲ್‌ನ ಒಂದು ಪ್ರತಿ ಅದರ ಕೈಗೆ ಸಿಗುತ್ತದೆ. ಇದಕ್ಕೆ ರೆಫರೆನ್ಸ್ ಅನ್ನುತ್ತಾರೆ. ಸ್ಪೀಕರ್‌ನಿಂದ ಮೈಕ್‌ವರೆಗೆ ಶಬ್ದ ಬರುವ ದಾರಿಯನ್ನು, ಗೋಡೆ ಬಡಿದು ಬರುವುದನ್ನೂ ಸೇರಿಸಿ, ಅದು ಅಂದಾಜು ಮಾಡುತ್ತದೆ. ಎಕೋ ಹೀಗಿರಬೇಕು ಅಂತ ಲೆಕ್ಕ ಹಾಕಿ ಮೈಕ್ ಸಿಗ್ನಲ್‌ನಿಂದ ಕಳೆಯುತ್ತದೆ. ಉಳಿದ ತಪ್ಪನ್ನು ನೋಡಿ ಅಂದಾಜನ್ನು ತಿದ್ದಿಕೊಳ್ಳುತ್ತದೆ. ಹೀಗೆ ತಿದ್ದುವ ಎಲ್‌ಎಂಎಸ್ ವಿಧಾನವನ್ನು ವಿಡ್ರೋ ಮತ್ತು ಹಾಫ್ 1960ರಲ್ಲಿ ಕೊಟ್ಟರು. ದೂರವಾಣಿಗೆ ಅಡಾಪ್ಟಿವ್ (ಹೀಗೆ ತಾನೇ ತಿದ್ದಿಕೊಳ್ಳುವ) ಎಕೋ ಕ್ಯಾನ್ಸಲರ್ ಬಗ್ಗೆ 1967ರಲ್ಲಿ ಬರೆದವರು ಅಮೆರಿಕದ ಬೆಲ್ ಲ್ಯಾಬ್ಸ್‌ನ ಮನ್ ಮೋಹನ್ ಸೋಂಧಿ. ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಸ್ಟೀರಿಯೋದಲ್ಲಿ ಇದೇ ಉಪಾಯ ಯಾಕೆ ಎಡವುತ್ತದೆ ಅಂತ 1995ರಲ್ಲಿ ಬಿಡಿಸಿ ತೋರಿಸಿದವರಲ್ಲೂ ಅವರೇ ಮೊದಲಿಗರು.

ಮುಟ್ಟುವ ಮುಂಚೆ ರೆಕಾರ್ಡ್ ಮಾಡಿ

ಕಿವಿಯಿಂದ ಈ ದೋಷ ಹಿಡಿಯಲು ಹೋಗಬೇಡಿ. ನಾಲ್ಕು ಟ್ರ್ಯಾಕ್ ಒಟ್ಟಿಗೆ ರೆಕಾರ್ಡ್ ಮಾಡಿ: ಎಡ ರೆಫರೆನ್ಸ್, ಬಲ ರೆಫರೆನ್ಸ್, ಮೈಕ್, ಕ್ಯಾನ್ಸಲರ್‌ನಿಂದ ಹೊರಬಂದ ಸಿಗ್ನಲ್. ಆಮೇಲೆ ಆಡಾಸಿಟಿ ಅನ್ನುವ ಆಡಿಯೋ ಸಾಫ್ಟ್‌ವೇರ್‌ನಲ್ಲಿ ಮೇಲೆ ಕೆಳಗೆ ಇಟ್ಟು ನೋಡಿ. ಅರ್ಧ ಉತ್ತರ ಅಲ್ಲೇ ಕಾಣುತ್ತದೆ.

ಇನ್ನೊಂದು ಮುಖ್ಯ ವಿಷಯ. ಕ್ಯಾನ್ಸಲರ್ ಆದ ಮೇಲೆ ಉಳಿದ ಎಕೋವನ್ನು ಒತ್ತಿ ಹಾಕುವ ಸಪ್ರೆಸರ್ ಇರುತ್ತದೆ. ನಾಯ್ಸ್ ತೆಗೆಯುವುದೂ ಇರುತ್ತದೆ. ಪರೀಕ್ಷೆ ಮಾಡುವಾಗ ಎರಡನ್ನೂ ಆಫ್ ಮಾಡಿ. ಅವು ಫಿಲ್ಟರ್‌ನ ತಪ್ಪನ್ನು ಮುಚ್ಚಿಡುತ್ತವೆ. ಸಪ್ರೆಸರ್ ಜೋರಾಗಿ ಕೆಲಸ ಮಾಡುವ ಹಾಲ್‌ನಲ್ಲಿ ಎಕೋ ದೂರು ಬರುವುದಿಲ್ಲ. ಬದಲಿಗೆ ‘ನಿಮ್ಮ ಮಾತು ಕಟ್ ಕಟ್ ಆಗ್ತಿದೆ’ ಅನ್ನುವ ದೂರು ಬರುತ್ತದೆ. ರೋಗ ಒಂದೇ.

ಅಳತೆಗೆ ಇಆರ್‌ಎಲ್‌ಇ (ಎಕೋ ರಿಟರ್ನ್ ಲಾಸ್ ಎನ್‌ಹ್ಯಾನ್ಸ್‌ಮೆಂಟ್) ಸಾಕು. ಮೈಕ್‌ಗೆ ಬಂದ ಎಕೋದ ಶಕ್ತಿಗೂ ಕ್ಯಾನ್ಸಲರ್ ಆದ ಮೇಲೆ ಉಳಿದದ್ದರ ಶಕ್ತಿಗೂ ಇರುವ ಅನುಪಾತ ಅದು. 20 ಡಿಬಿ (ಡೆಸಿಬೆಲ್) ಬಂದರೆ ಎಕೋದ ಶಕ್ತಿ ನೂರರಲ್ಲಿ ಒಂದು ಪಾಲಿಗೆ ಇಳಿದಿದೆ. 30 ಡಿಬಿ ಅಂದರೆ ಸಾವಿರದಲ್ಲಿ ಒಂದು ಪಾಲು. ಆ ಕಡೆಯವರು ಮಾತ್ರ ಮಾತಾಡುತ್ತಿದ್ದು, ನಿಮ್ಮ ಹಾಲ್ ಸುಮ್ಮನಿರುವಾಗ ಮಾತ್ರ ಇದನ್ನು ಅಳೆಯಿರಿ. ಇಲ್ಲಿ ಯಾರೋ ಕೆಮ್ಮಿದರೂ ಲೆಕ್ಕ ಕೆಡುತ್ತದೆ.

ನಿಜವಾಗಿ ಸ್ಟೀರಿಯೋ ಬರುತ್ತಿದೆಯಾ?

ಎಡ ರೆಫರೆನ್ಸ್‌ನಿಂದ ಬಲವನ್ನು ಕಳೆಯಿರಿ. ಪೂರ್ತಿ ನಿಶ್ಶಬ್ದ ಬಂತಾ? ಹಾಗಾದರೆ ಅದು ಸ್ಟೀರಿಯೋ ಅಲ್ಲ. ಒಂದೇ ಮೊನೊ ಸಿಗ್ನಲ್ ಎರಡೂ ಸ್ಪೀಕರ್‌ಗೆ ಹೋಗುತ್ತಿದೆ, ಅಷ್ಟೇ. ಸಭೆಯ ಎಷ್ಟೋ ಸಾಫ್ಟ್‌ವೇರ್‌ಗಳು ಕಳಿಸುವುದು ಮೊನೊ ಆಡಿಯೋವನ್ನೇ. ಆಗ ಸ್ಟೀರಿಯೋ ಕ್ಯಾನ್ಸಲರ್ ಬೇಕಿಲ್ಲ. ಒಂದೇ ರೆಫರೆನ್ಸ್, ಒಂದೇ ಫಿಲ್ಟರ್ ಸಾಕು. ಎರಡು ಸ್ಪೀಕರ್‌ನ ದಾರಿಗಳ ಮೊತ್ತವನ್ನು ಅದು ಆರಾಮಾಗಿ ಕಲಿಯುತ್ತದೆ. ಸುಮ್ನೆ ಸ್ಟೀರಿಯೋ ಹಾಕಿಕೊಂಡು ಒದ್ದಾಡುವುದು ಯಾಕೆ? ನನ್ನ ಮಟ್ಟಿಗೆ ಅತಿ ಹೆಚ್ಚು ಹಾಲ್‌ಗಳಿಗೆ ಇದೇ ಸರಿಯಾದ ಪರಿಹಾರ.

ಆ ಕಡೆ ಮೇಜಿನ ಮೇಲೆ ಎರಡು ಮೈಕ್ ಇದ್ದು, ಯಾರು ಎಲ್ಲಿ ಕೂತಿದ್ದಾರೆ ಅಂತ ಇಲ್ಲಿ ಗೊತ್ತಾಗಬೇಕು ಅಂದಾಗ ಮಾತ್ರ ನಿಜವಾದ ಸ್ಟೀರಿಯೋ ಬೇಕು. ಕಳೆದಾಗ ಏನಾದರೂ ಉಳಿದರೆ ಮುಂದೆ ಓದಿ.

ಮೊದಲು ಸಣ್ಣಪುಟ್ಟ ಕಳ್ಳರು

ಗಣಿತಕ್ಕೆ ಇಳಿಯುವ ಮುಂಚೆ ವೈರ್ ನೋಡಿ.

ರೆಫರೆನ್ಸ್ ಎಲ್ಲಿಂದ ತೆಗೆದಿದ್ದೀರಿ? ವಾಲ್ಯೂಮ್, ಈಕ್ವಲೈಸರ್, ಇನ್ನೇನಾದರೂ ಎಫೆಕ್ಟ್ ಇದ್ದರೆ ಅದೆಲ್ಲ ಮುಗಿದ ಮೇಲೆ, ಆಂಪ್ಲಿಫೈಯರ್‌ಗೆ ಹೋಗುವ ಮುಂಚೆ ತೆಗೆಯಬೇಕು. ನಮ್ಮ ಕಡೆ ಮಿಕ್ಸರ್‌ನ ಮೇನ್ ಔಟ್‌ನಿಂದಲೇ ರೆಫರೆನ್ಸ್ ಎಳೆಯುವುದು ಜಾಸ್ತಿ. ಅದರಲ್ಲಿ ಹಾಲ್‌ನ ಮೈಕ್ ಕೂಡ ಸೇರಿರುತ್ತದೆ. ಆಗ ಕ್ಯಾನ್ಸಲರ್ ಇಲ್ಲಿ ಮಾತಾಡುವವರ ದನಿಯನ್ನೂ ಎಕೋ ಅಂದುಕೊಂಡು ಕಳೆಯಲು ಹೋಗುತ್ತದೆ. ಮಾತು ಟೊಳ್ಳಾಗಿ, ಡಬ್ಬದೊಳಗಿಂದ ಬಂದಂತೆ ಕೇಳಿದರೆ ಮೊದಲು ಇದನ್ನೇ ಅನುಮಾನಿಸಿ. ಆ ಕಡೆಯಿಂದ ಬಂದದ್ದು ಮಾತ್ರ ಇರುವ ಬೇರೆ ಬಸ್‌ನಿಂದ (ಮಿಕ್ಸರ್‌ನ ಪ್ರತ್ಯೇಕ ಔಟ್‌ಪುಟ್) ರೆಫರೆನ್ಸ್ ಕೊಡಿ.

ಎಡ-ಬಲ ವೈರ್ ಅದಲು ಬದಲಾಗಿದೆ ಅಂತ ಗಾಬರಿ ಬೇಡ. ಎರಡೂ ರೆಫರೆನ್ಸ್ ಕ್ಯಾನ್ಸಲರ್‌ಗೆ ಸಿಗುತ್ತಿದ್ದರೆ ಯಾವ ಸ್ಪೀಕರ್ ಯಾವ ಕಡೆ ಇದ್ದರೂ ಅದು ಕಲಿಯುತ್ತದೆ. ಪ್ಲಸ್ ಮೈನಸ್ ಉಲ್ಟಾ ಆದರೂ ಕಲಿಯುತ್ತದೆ. ಕೇಳುವವರಿಗೆ ಮಾತ್ರ ಎಡದವರು ಬಲಕ್ಕೆ ಕೂತಂತೆ ಅನ್ನಿಸುತ್ತದೆ.

ಮೈಕ್‌ನ ಆಟೋ ಗೇನ್ (ಮಟ್ಟವನ್ನು ತಾನಾಗಿ ಏರಿಸಿ ಇಳಿಸುವುದು) ಆಫ್ ಇರಲಿ. ಅದು ಕ್ಯಾನ್ಸಲರ್‌ಗಿಂತ ಮುಂಚೆ ಇದ್ದರೆ ಎಕೋದ ಮಟ್ಟ ಕ್ಷಣಕ್ಷಣಕ್ಕೂ ಬದಲಾಗಿ ಫಿಲ್ಟರ್ ಅದರ ಹಿಂದೆ ಓಡುತ್ತಲೇ ಇರುತ್ತದೆ. ಮೈಕ್‌ಗಳನ್ನು ತಾನಾಗಿ ತೆರೆದು ಮುಚ್ಚುವ ಆಟೋ ಮಿಕ್ಸರ್ ಕಥೆಯೂ ಹಾಗೇ. ಕ್ಯಾನ್ಸಲರ್ ಮೊದಲು, ನಾಯ್ಸ್ ತೆಗೆಯುವುದು ಆಮೇಲೆ, ಗೇನ್ ಕೊನೆಗೆ. ಒಂದಕ್ಕಿಂತ ಹೆಚ್ಚು ಮೈಕ್ ಇದ್ದರೆ ಪ್ರತಿ ಮೈಕ್‌ಗೂ ಅದರದೇ ಕ್ಯಾನ್ಸಲರ್, ಮಿಕ್ಸ್ ಆಮೇಲೆ. ಬ್ರೌಸರ್‌ನಲ್ಲಿ ಒಂದು ಎಕೋ ಕ್ಯಾನ್ಸಲರ್, ಹಾಲ್‌ನ ಡಿಎಸ್‌ಪಿ (ಸಿಗ್ನಲ್ ಸಂಸ್ಕರಿಸುವ) ಪೆಟ್ಟಿಗೆಯಲ್ಲಿ ಇನ್ನೊಂದು ಓಡುತ್ತಿದ್ದರೆ ಒಂದನ್ನು ಆಫ್ ಮಾಡಿ. ಮೊದಲನೆಯದು ತಿದ್ದುತ್ತಿರುವಷ್ಟು ಹೊತ್ತೂ ಎರಡನೆಯದಕ್ಕೆ ಹಾಲ್ ಬದಲಾಗುತ್ತಿರುವಂತೆ ಕಾಣುತ್ತದೆ.

ಇನ್ನು ಗಡಿಯಾರದ ವಿಷಯ. ಯುಎಸ್‌ಬಿ ಮೈಕ್ ಒಂದು, ಸ್ಪೀಕರ್‌ಗೆ ಹೋಗುವ ಸೌಂಡ್ ಕಾರ್ಡ್ ಇನ್ನೊಂದು ಆಗಿದ್ದರೆ ಎರಡರ ಕ್ಲಾಕ್ ಪೂರ್ತಿ ಹೊಂದುವುದಿಲ್ಲ. ವ್ಯತ್ಯಾಸ ಹತ್ತು ಲಕ್ಷಕ್ಕೆ 30 ಪಾಲು ಅಂತಿಟ್ಟುಕೊಳ್ಳಿ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಶಬ್ದವನ್ನು ಸೆಕೆಂಡಿಗೆ 48,000 ಸಲ ಅಳೆಯುವಾಗ, ಸೆಕೆಂಡಿಗೆ ಸುಮಾರು ಒಂದೂವರೆ ಸ್ಯಾಂಪಲ್ (ಅಳತೆ) ಸರಿಯುತ್ತದೆ. 10 ನಿಮಿಷಕ್ಕೆ 18 ಮಿಲಿಸೆಕೆಂಡ್. ಫಿಲ್ಟರ್ ಕಲಿತದ್ದೆಲ್ಲ ಹೊತ್ತು ಹೋದ ಹಾಗೆ ಹಳೆಯದಾಗುತ್ತಿರುತ್ತದೆ. ಮೊದಲು ಕೆಡುವುದು ಮೇಲಿನ ಆವರ್ತನಗಳು, ಅದಕ್ಕೇ ‘ಸ’, ‘ಶ’ ದನಿಗಳು ಮೊದಲು ಸೋರುತ್ತವೆ. ಪರೀಕ್ಷೆಗೆ ಸ್ಪೀಕರ್‌ನಲ್ಲಿ ಆಗಾಗ ‘ಟಕ್’ ಅಂತ ಒಂದು ಶಬ್ದ ಬಿಡಿ. ರೆಫರೆನ್ಸ್‌ನ ಟಕ್‌ಗೂ ಮೈಕ್‌ನ ಟಕ್‌ಗೂ ಇರುವ ಅಂತರ ಅಳೆಯಿರಿ. ಅಂತರ ಒಂದೇ ಸಮನೆ ಬೆಳೆದರೆ ಕ್ಲಾಕ್ ದೋಷ. ಒಮ್ಮೆಲೇ ಜಿಗಿದರೆ ಬಫರ್ ಅಥವಾ ಡ್ರೈವರ್ ದೋಷ. ಪರಿಹಾರ ಒಂದೇ, ಎರಡೂ ಕೆಲಸಕ್ಕೆ ಒಂದೇ ಸೌಂಡ್ ಕಾರ್ಡ್. ಬ್ಲೂಟೂತ್ ಸ್ಪೀಕರ್ ಅಂತೂ ಬೇಡವೇ ಬೇಡ.

ಸ್ಪೀಕರ್ ಒಡೆದು ಕೂಗುತ್ತಿದ್ದರೆ ಯಾವ ಲೀನಿಯರ್ ಫಿಲ್ಟರ್ ಕೂಡ ಏನೂ ಮಾಡಲಾರದು. ವಾಲ್ಯೂಮ್ 10 ಡಿಬಿ ಇಳಿಸಿ ಇಆರ್‌ಎಲ್‌ಇ ನೋಡಿ. ಎಕೋ ಕಡಿಮೆ ಆಗುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇಆರ್‌ಎಲ್‌ಇಯೇ ಏರಿದರೆ ಆಂಪ್ ಮಿತಿ ಮೀರಿ ಕ್ಲಿಪ್ ಆಗುತ್ತಿದೆ ಅಥವಾ ಏನೋ ಅದುರುತ್ತಿದೆ. 200 ಹರ್ಟ್ಸ್‌ನ ಒಂದೇ ಸ್ವರ ಬಿಟ್ಟು ಮೈಕ್‌ನಲ್ಲಿ 400, 600 ಹರ್ಟ್ಸ್ ಜೋರಾಗಿ ಕಾಣುತ್ತವಾ ನೋಡಿ. ಸ್ಪೀಕರ್ ಪೆಟ್ಟಿಗೆಯ ಜಾಲರಿ, ಟ್ಯೂಬ್‌ಲೈಟ್ ಪಟ್ಟಿ, ಚಾವಣಿಯ ತಗಡು, ಇವೆಲ್ಲ ನಾನು ಕೈಯಿಟ್ಟು ಹಿಡಿದು ನಿಲ್ಲಿಸಿ ಕಂಡುಕೊಂಡ ಕಳ್ಳರು.

‘ಆ ಮೇಡಂ ಮಾತಾಡಿದ್ರ ಮಾತ್ರ’

ಇಷ್ಟೆಲ್ಲ ಸರಿ ಇದ್ದೂ ಎಕೋ ಹೋಗಿ ಬರುತ್ತಿದ್ದರೆ ಅಸಲಿ ಸ್ಟೀರಿಯೋ ಸಮಸ್ಯೆಗೆ ಬಂದಿದ್ದೀರಿ. ಬಳ್ಳಾರಿಯ ಒಂದು ಕಾಲೇಜಿನ ಹಾಲ್ ನೆನಪಾಗುತ್ತದೆ. ಗ್ರಾನೈಟ್ ನೆಲ, ಬರಿ ಗೋಡೆ, ವೇದಿಕೆಯ ಎರಡು ಬದಿ ಸ್ಪೀಕರ್. ಬೆಂಗಳೂರಿನಲ್ಲಿ ಒಂದು ಮೇಜು, ಎರಡು ಮೈಕ್. ಎಡಕ್ಕೆ ಒಬ್ಬ ಪ್ರೊಫೆಸರ್, ಬಲಕ್ಕೆ ಇನ್ನೊಬ್ಬರು, ಮೇಡಂ. ಎಕೋ ಯಾವಾಗ ಬರುತ್ತದೆ ಅಂತ ಯಾರಿಗೂ ಹೇಳಲು ಆಗುತ್ತಿರಲಿಲ್ಲ. ಕೊನೆಗೆ ಮೈಕ್ ನೋಡಿಕೊಳ್ಳುವ ಹುಡುಗನೇ ಹೇಳಿದ.

‘ಅಣ್ಣಾ, ಆ ಮೇಡಂ ಮಾತಾಡಾಕ ಶುರು ಮಾಡಿದ್ರ ಮಾತ್ರ ಬರ್ತೈತಿ ನೋಡ್ರಿ. ಸ್ವಲ್ಪ ಹೊತ್ತಿಗೆ ತಾನ ಹೋಗ್ತೈತಿ.’

‘ಮತ್ತ ಸರ್ ಶುರು ಮಾಡಿದಾಗ?’

‘ಆಗೂ ಒಂದ್ ಸಲ ಬರ್ತೈತ್ರಿ. ಆದ್ರ ಇಲ್ಲಿ ನಾವ್ ಏನೂ ಮುಟ್ಟಿಲ್ಲ.’

ರೆಕಾರ್ಡಿಂಗ್ ತೆಗೆದು ನೋಡಿದರೆ ಅವನ ಮಾತು ಅಕ್ಷರಶಃ ಸರಿ. ಸರ್ ಮಾತಾಡುವಷ್ಟು ಹೊತ್ತು ನಾಲ್ಕನೇ ಟ್ರ್ಯಾಕ್ ಗೆರೆ ಎಳೆದಂತೆ ಸಪಾಟು. ಮೇಡಂ ಅವರ ಮೊದಲ ಪದಕ್ಕೇ ಒಂದು ಗಡ್ಡೆ ಎದ್ದಿದೆ. ನಿಧಾನಕ್ಕೆ ಕರಗಿ ಮತ್ತೆ ಸಪಾಟಾಗಿದೆ. ಸರ್ ಮತ್ತೆ ಬಾಯಿ ತೆರೆದಾಗ ಇನ್ನೊಂದು ಗಡ್ಡೆ. ಬಳ್ಳಾರಿಯಲ್ಲಿ ಒಂದು ಕುರ್ಚಿಯೂ ಅಲುಗಿಲ್ಲ. ಬದಲಾದದ್ದು ಬೆಂಗಳೂರಿನಲ್ಲಿ ಮಾತಾಡುವ ಜಾಗ.

ಇದು ಹೇಗೆ ಆಗುತ್ತದೆ? ನೀವು ಪ್ರತಿ ವಾರ ಸಂತೆಯಲ್ಲಿ 2 ಕೆಜಿ ಜೋಳ, 1 ಕೆಜಿ ತೊಗರಿಬೇಳೆ ತರುತ್ತೀರಿ ಅಂದುಕೊಳ್ಳಿ. ಅಂಗಡಿಯವನು ಬಿಡಿ ದರ ಹೇಳುವುದಿಲ್ಲ, 260 ರೂಪಾಯಿ ಅಂತ ಮೊತ್ತ ಮಾತ್ರ ಹೇಳುತ್ತಾನೆ. ಜೋಳ 50, ಬೇಳೆ 160 ಇರಬಹುದು. ಜೋಳ 60, ಬೇಳೆ 140 ಕೂಡ ಇರಬಹುದು. ಎರಡಕ್ಕೂ ಮೊತ್ತ ಸರಿ ಹೋಗುತ್ತದೆ. ಎಷ್ಟು ವಾರ ಹೋದರೂ ತೂಕ ಇದೇ ಇದ್ದರೆ ನಿಜವಾದ ದರ ಗೊತ್ತಾಗುವುದೇ ಇಲ್ಲ. ಪಕ್ಕದ ಮನೆಯವರು 1 ಕೆಜಿ ಜೋಳ, 2 ಕೆಜಿ ಬೇಳೆ ತರಲು ಹೊರಟಾಗ ನಿಮ್ಮ ಲೆಕ್ಕ ಕೆಡುತ್ತದೆ. ಒಂದು ದರಪಟ್ಟಿ 370 ಅನ್ನುತ್ತದೆ, ಇನ್ನೊಂದು 340.

ಬೆಂಗಳೂರಿನಲ್ಲಿ ಒಬ್ಬರೇ ಮಾತಾಡುವಾಗ ಅವರ ದನಿ ಅಲ್ಲಿನ ಎರಡು ಮೈಕ್‌ಗೂ ಹೋಗುತ್ತದೆ. ಹಾಗಾಗಿ ಇಲ್ಲಿ ಬರುವ ಎಡ, ಬಲ ಸಿಗ್ನಲ್‌ಗಳು ಒಂದೇ ದನಿಯ ಎರಡು ರೂಪ. ಅವುಗಳ ಸಂಬಂಧ ಗಟ್ಟಿಯಾಗಿ ಕಟ್ಟಿಹಾಕಿದ್ದು, ಮೇಲಿನ ತೂಕದ ಹಾಗೆ. ಬಳ್ಳಾರಿಯ ಎಡ ಫಿಲ್ಟರ್‌ಗೆ ಬೆಂಗಳೂರಿನ ಬಲ ಮೈಕ್‌ನ ದಾರಿಯನ್ನು ಕೂಡಿಸಿ, ಬಲ ಫಿಲ್ಟರ್‌ನಿಂದ ಅಲ್ಲಿನ ಎಡ ಮೈಕ್‌ನ ದಾರಿಯನ್ನು ಕಳೆದರೂ ಒಟ್ಟು ಎಕೋದ ಅಂದಾಜು ಒಂದಿಷ್ಟೂ ಬದಲಾಗುವುದಿಲ್ಲ. ಅಂದರೆ ಸರಿ ಹೊಂದುವ ಉತ್ತರ ಎಷ್ಟು ಬೇಕಾದರೂ ಇವೆ. ಫಿಲ್ಟರ್ ಅವುಗಳಲ್ಲಿ ಯಾವುದೋ ಒಂದನ್ನು ಹಿಡಿದು ಕೂರುತ್ತದೆ. ಆ ಉತ್ತರದಲ್ಲಿ ಬಳ್ಳಾರಿ ಹಾಲ್‌ನ ಜೊತೆಗೆ ಬೆಂಗಳೂರಿನ ಕೋಣೆಯೂ ಸೇರಿಕೊಂಡಿರುತ್ತದೆ. ಅಲ್ಲಿ ಮಾತಾಡುವವರು ಬದಲಾದ ಕೂಡಲೇ ಆ ಉತ್ತರ ಸುಳ್ಳಾಗುತ್ತದೆ. ಗಡ್ಡೆ ಏಳುತ್ತದೆ.

ಇದೇ ದೋಷವಾ ಅಂತ ಖಚಿತ ಮಾಡುವ ಪರೀಕ್ಷೆ

ಅನುಮಾನ ಸಾಕಾಗುವುದಿಲ್ಲ. ಯಾಕೆಂದರೆ ಇದೇ ಗಡ್ಡೆ ಇನ್ನೊಂದು ಸಾದಾ ಕಾರಣದಿಂದಲೂ ಬರುತ್ತದೆ. ಸ್ಪೀಕರ್‌ಗೆ ಸ್ಟೀರಿಯೋ ಹೋಗುತ್ತಿದ್ದು, ಕ್ಯಾನ್ಸಲರ್‌ಗೆ ಎಡ-ಬಲ ಕೂಡಿಸಿದ ಒಂದೇ ರೆಫರೆನ್ಸ್ ಹೋಗುತ್ತಿದ್ದರೆ ದನಿ ಪಕ್ಕ ಬದಲಿಸಿದಾಗಲೆಲ್ಲ ಎಕೋ ಚಿಮ್ಮುತ್ತದೆ. ಎರಡನ್ನೂ ಬೇರೆ ಮಾಡಲು ಹೀಗೆ ಮಾಡಿ. ಸಭೆ ಇಲ್ಲದ ಹೊತ್ತು ನೋಡಿಕೊಳ್ಳಿ, ಹಾಲ್ ಸುಮ್ಮನಿರಲಿ.

ಎಡ ಸ್ಪೀಕರ್‌ನಲ್ಲಿ ಮಾತ್ರ ‘ಶ್ಶ್’ ಅನ್ನುವ ವೈಟ್ ನಾಯ್ಸ್ ಬಿಡಿ. ಉಳಿಕೆ (ಕಳೆದ ಮೇಲೂ ನಾಲ್ಕನೇ ಟ್ರ್ಯಾಕ್‌ನಲ್ಲಿ ಉಳಿದ ಎಕೋ) ತಳ ಸೇರುವವರೆಗೆ ಕಾಯಿರಿ. ಆಮೇಲೆ ಬಲದಲ್ಲಿ ಮಾತ್ರ. ಮತ್ತೆ ಎಡಕ್ಕೆ ಬನ್ನಿ. ಎರಡು ರೆಫರೆನ್ಸ್ ಸರಿಯಾಗಿ ಹೋಗುತ್ತಿದ್ದರೆ ಎರಡನೇ ಸಲ ಎಡಕ್ಕೆ ಬಂದಾಗ ಗಡ್ಡೆ ಏಳಬಾರದು. ಬಲ ಸ್ಪೀಕರ್ ಓಡುವಾಗ ಎಡ ಫಿಲ್ಟರ್‌ಗೆ ಇನ್‌ಪುಟ್ಟೇ ಇರಲಿಲ್ಲ, ಅದು ಕಲಿತದ್ದು ಹಾಗೇ ಉಳಿದಿರುತ್ತದೆ. ಗಡ್ಡೆ ಎದ್ದರೆ ರೆಫರೆನ್ಸ್ ಎಲ್ಲೋ ಮೊನೊ ಆಗುತ್ತಿದೆ. ವೈರ್‌ಗೆ ವಾಪಸ್ ಹೋಗಿ.

ಅದು ಪಾಸಾದರೆ ಕ್ಯಾನ್ಸಲರ್ ರೀಸೆಟ್ ಮಾಡಿ. ಈಗ ಒಂದೇ ನಾಯ್ಸ್ ಅನ್ನು ಎರಡೂ ಕಡೆ ಬಿಡಿ, ಎಡಕ್ಕೆ 70 ಪಾಲು, ಬಲಕ್ಕೆ 30 ಪಾಲು ಮಟ್ಟದಲ್ಲಿ. ಉಳಿಕೆ ತಳ ಸೇರಲಿ. ತಕ್ಷಣ 30-70ಕ್ಕೆ ತಿರುಗಿಸಿ. ಎಕೋ ಚಿಮ್ಮಿದರೆ ಅಸಲಿ ರೋಗ ಅದೇ.

ಇನ್ನೂ ಒಂದು ಹೆಜ್ಜೆ ಇದೆ, ನನಗೆ ಇದೇ ಹೆಚ್ಚು ಇಷ್ಟ. ಮತ್ತೆ ರೀಸೆಟ್ ಮಾಡಿ, ಎರಡೂ ಸ್ಪೀಕರ್‌ಗೆ ಒಂದಕ್ಕೊಂದು ಸಂಬಂಧ ಇಲ್ಲದ ಬೇರೆ ಬೇರೆ ನಾಯ್ಸ್ ಬಿಟ್ಟು ಕಲಿಸಿ. ಆಮೇಲೆ 70-30, 30-70 ಮಾಡಿ ನೋಡಿ. ಈ ಸಲ ಚಿಮ್ಮುವುದು ಬಹಳ ಕಡಿಮೆ ಆಗಬೇಕು. ಈಗ ಫಿಲ್ಟರ್‌ಗೆ ನಿಜವಾದ ದಾರಿಗಳೇ ಸಿಕ್ಕಿವೆ, ತೂಕ ಹೇಗೆ ಬದಲಿಸಿದರೂ ಅದು ಸರಿ. ಸಭೆಗೆ ಮುಂಚೆ ಹೀಗೆ ಒಂದಿಷ್ಟು ಹೊತ್ತು ಕಲಿಸಿ ಇಡುವುದು ಒಳ್ಳೆಯ ಅಭ್ಯಾಸ. ಆದರೆ ಜನ ಒಳಗೆ ಬಂದು ಕೂತ ಮೇಲೆ ಹಾಲ್‌ನ ದಾರಿ ಬದಲಾಗುತ್ತದೆ. ಆಮೇಲೆ ಕಲಿಯುವುದೆಲ್ಲ ಮತ್ತೆ ಕಟ್ಟಿಹಾಕಿದ ಸಿಗ್ನಲ್‌ನಿಂದಲೇ. ನಿಧಾನಕ್ಕೆ ಮತ್ತೆ ದಾರಿ ತಪ್ಪುತ್ತದೆ.

ಪರಿಹಾರ: ಎಡ-ಬಲದ ಕಟ್ಟನ್ನು ಸಡಿಲ ಮಾಡುವುದು

ಸಂತೆಗೆ ಹೋಗುವಾಗ ಒಂದೊಂದು ವಾರ ತೂಕ ಸ್ವಲ್ಪ ಆಚೀಚೆ ಮಾಡಿದರೆ ಬಿಡಿ ದರ ಗೊತ್ತಾಗುತ್ತದೆ, ಅಲ್ವಾ? ಇಲ್ಲಿಯೂ ಅದೇ. ಎರಡು ಚಾನೆಲ್‌ಗಳನ್ನು ಕಿವಿಗೆ ಗೊತ್ತಾಗದಷ್ಟು ಬೇರೆ ಮಾಡಬೇಕು. ಇದಕ್ಕೆ ಡಿಕೋರಿಲೇಷನ್ ಅನ್ನುತ್ತಾರೆ. ಬೆನೆಸ್ಟಿ, ಮಾರ್ಗನ್, ಸೋಂಧಿ 1998ರಲ್ಲಿ ಕೊಟ್ಟ ಉಪಾಯ ಬಹಳ ಸರಳ. ಎಡ ಚಾನೆಲ್‌ಗೆ ಅದರದೇ ಧನ ಭಾಗದ (ಅಲೆ ಸೊನ್ನೆಗಿಂತ ಮೇಲಿರುವ ಭಾಗ) ಒಂದು ಅಂಶ ಕೂಡಿಸಿ. ಬಲ ಚಾನೆಲ್‌ಗೆ ಅದರದೇ ಋಣ ಭಾಗದ (ಸೊನ್ನೆಗಿಂತ ಕೆಳಗಿರುವ ಭಾಗ) ಅಷ್ಟೇ ಅಂಶ ಕೂಡಿಸಿ. ಅಂಶ 0.3ರಿಂದ 0.5ರವರೆಗೆ ಇರಬಹುದು. ಇದರಿಂದ ಹುಟ್ಟುವ ವಿಕೃತಿ ಮಾತಿನದೇ ಹಾರ್ಮೋನಿಕ್‌ಗಳ ಕೆಳಗೆ ಮುಚ್ಚಿಹೋಗುವುದರಿಂದ ಮಾತಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ.

ಇದನ್ನು ಹಾಕಿದ ಮೇಲೂ ಕೆಲಸ ಆಗದಿದ್ದರೆ ಎರಡು ಜಾಗ ನೋಡಿ. ಒಂದು, ಎರಡೂ ಚಾನೆಲ್‌ಗೆ ಒಂದೇ ಭಾಗ, ಅಂದರೆ ಎರಡಕ್ಕೂ ಧನವನ್ನೇ ಕೂಡಿಸಿದ್ದಾರಾ? ಹಾಗೆ ಮಾಡಿದರೆ ಬರೀ ಮಟ್ಟದಲ್ಲಿ ಬೇರೆ ಇರುವ ಎರಡು ಚಾನೆಲ್‌ಗಳು ಆಮೇಲೂ ಬರೀ ಮಟ್ಟದಲ್ಲೇ ಬೇರೆ ಇರುತ್ತವೆ. ಕಟ್ಟು ಸಡಿಲ ಆಗಿಲ್ಲ, ವಿಕೃತಿ ಮಾತ್ರ ಬಂತು. ಎರಡು, ಈ ಬದಲಾವಣೆ ಸ್ಪೀಕರ್‌ಗೆ ಮಾತ್ರ ಹೋಗಿ ರೆಫರೆನ್ಸ್‌ಗೆ ಹೋಗುತ್ತಿಲ್ಲವಾ? ಆಗ ಕ್ಯಾನ್ಸಲರ್‌ಗೆ ಅದು ಗೊತ್ತೇ ಇಲ್ಲದ ವಿಕೃತಿ. ಡಿಕೋರಿಲೇಷನ್ ಆನ್ ಮಾಡಿದ ಕೂಡಲೇ ಇಆರ್‌ಎಲ್‌ಇ ಬಿದ್ದರೆ ಇದೇ ಕಾರಣ. ಬದಲಾವಣೆ ಮೊದಲು, ರೆಫರೆನ್ಸ್ ಅದರ ನಂತರ. ಸ್ಪೀಕ್ಸ್ ಡಿಎಸ್‌ಪಿ ಲೈಬ್ರರಿ ಬಳಸುವವರಿಗೆ ಬಹುಚಾನೆಲ್ ಕ್ಯಾನ್ಸಲರ್ ಮತ್ತು ಡಿಕೋರಿಲೇಟರ್ ಎರಡೂ ಅದರಲ್ಲೇ ಸಿಗುತ್ತವೆ. ಎರಡನ್ನೂ ನೀವೇ ಜೋಡಿಸಬೇಕು, ತಾನಾಗಿ ಜೋಡಣೆ ಆಗುವುದಿಲ್ಲ.

ಫಿಲ್ಟರ್ ತಿದ್ದುವ ವಿಧಾನವೂ ಮುಖ್ಯ. ಹೆಚ್ಚಿನವರು ಶುರು ಮಾಡುವುದು ಎನ್‌ಎಲ್‌ಎಂಎಸ್‌ನಿಂದ, ಅಂದರೆ ತಿದ್ದುವ ಪ್ರಮಾಣವನ್ನು ರೆಫರೆನ್ಸ್ ಶಕ್ತಿಯಿಂದ ಭಾಗಿಸುವ ಎಲ್‌ಎಂಎಸ್‌ನಿಂದ. ಅದರ ಸ್ಟೆಪ್ (ಒಂದು ಸಲಕ್ಕೆ ಎಷ್ಟು ತಿದ್ದಬೇಕು ಅನ್ನುವ ಅಂಕಿ) ಸೊನ್ನೆಗೂ 2ಕ್ಕೂ ಮಧ್ಯೆ ಇರಬೇಕು. ಮೊನೊದಲ್ಲೇ ಮಾತಿಗೆ ಅದು ನಿಧಾನ. ಸ್ಟೀರಿಯೋದಲ್ಲಿ ಎಡ-ಬಲ ಬಿಗಿಯಾಗಿ ಸೇರಿರುವುದರಿಂದ ಇನ್ನೂ ನಿಧಾನ. ಡಿಕೋರಿಲೇಷನ್ ತೆರೆದುಕೊಡುವುದು ಸಣ್ಣ ಕಿಂಡಿಯನ್ನು ಮಾತ್ರ, ಎನ್‌ಎಲ್‌ಎಂಎಸ್‌ಗೆ ಅದರಲ್ಲಿ ಬೇಗ ನುಸುಳಲು ಆಗುವುದಿಲ್ಲ. ಡಿಕೋರಿಲೇಷನ್ ಹಾಕಿದ್ದೂ ಏನೂ ಬದಲಾಗಲಿಲ್ಲ ಅನ್ನುವ ದೂರು ಬಹುತೇಕ ಇಲ್ಲಿಂದ ಬರುತ್ತದೆ. ಎರಡು ಚಾನೆಲ್‌ನ ಪರಸ್ಪರ ಸಂಬಂಧವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನ ಬೇಕು. ಒಜೆಕಿ ಮತ್ತು ಉಮೆಡಾ 1984ರಲ್ಲಿ ಕೊಟ್ಟ ಅಫೈನ್ ಪ್ರೊಜೆಕ್ಷನ್, ಎರಡು ಚಾನೆಲ್‌ನ ಆರ್‌ಎಲ್‌ಎಸ್ (ರಿಕರ್ಸಿವ್ ಲೀಸ್ಟ್ ಸ್ಕ್ವೇರ್ಸ್), ಅಥವಾ ಆವರ್ತನ ಕ್ಷೇತ್ರದ (ಸಿಗ್ನಲನ್ನು ಆವರ್ತನಗಳಾಗಿ ಒಡೆದು ಲೆಕ್ಕ ಮಾಡುವ) ಕಾಲ್ಮನ್ ಫಿಲ್ಟರ್. ಆರ್‌ಎಲ್‌ಎಸ್ ಚುರುಕು, ಆದರೆ ಉದ್ದ ಫಿಲ್ಟರ್‌ಗೆ ಲೆಕ್ಕ ವಿಪರೀತ ಭಾರ. ನನ್ನ ಆಯ್ಕೆ ಆವರ್ತನ ಕ್ಷೇತ್ರದ್ದೇ.

ಮಾತಿನ ನಡುವಿನ ಮೌನದಲ್ಲಿ ಗೊರಗೊರ ಶಬ್ದ ಬಂದರೆ ರೆಗ್ಯುಲರೈಸೇಷನ್ (ಭಾಗಿಸುವ ಮುಂಚೆ ರೆಫರೆನ್ಸ್ ಶಕ್ತಿಗೆ ಕೂಡಿಸುವ ಸಣ್ಣ ಅಂಕಿ) ಕಡಿಮೆ ಇದೆ. ರೆಫರೆನ್ಸ್ ಶಕ್ತಿ ಸೊನ್ನೆಯ ಹತ್ತಿರ ಹೋದಾಗ ಎನ್‌ಎಲ್‌ಎಂಎಸ್ ಅದರಿಂದಲೇ ಭಾಗಿಸುತ್ತದೆ. ಫ್ಯಾನಿನ ಸದ್ದಿಗೇ ಫಿಲ್ಟರ್ ಹಾರಾಡುತ್ತದೆ. ಹಾಲ್‌ನ ನಾಯ್ಸ್ ನೋಡಿ ಆ ಅಂಕಿ ಏರಿಸಿ.

ಕಲ್ಲಿನ ಹಾಲ್, ಉದ್ದ ಬಾಲ

ಇಆರ್‌ಎಲ್‌ಇ 10 ಡಿಬಿ ಹತ್ತಿರ ಅಂಟಿಕೊಂಡು, ಸ್ಟೆಪ್ ಏನೇ ಬದಲಿಸಿದರೂ ಮೇಲೆ ಹೋಗದಿದ್ದರೆ ಫಿಲ್ಟರ್ ಉದ್ದ ಸಾಕಾಗಿಲ್ಲ ಅಂತ ಮೊದಲು ಲೆಕ್ಕ ಹಾಕಿ. ನಮ್ಮ ಕಡೆ ಹಾಲ್‌ಗಳಲ್ಲಿ ಗ್ರಾನೈಟ್, ಶಹಾಬಾದ್ ಕಲ್ಲು, ಗಾರೆ ಗೋಡೆ ಜಾಸ್ತಿ. ಯಾವುದೂ ಶಬ್ದ ಹೀರುವುದಿಲ್ಲ. ಶಬ್ದ 60 ಡಿಬಿ ಇಳಿಯಲು 1.2 ಸೆಕೆಂಡ್ ತೆಗೆದುಕೊಳ್ಳುವ ಹಾಲ್ ಅಂದುಕೊಳ್ಳಿ. 200 ಮಿಲಿಸೆಕೆಂಡ್ ಫಿಲ್ಟರ್ ಹಾಕಿದರೆ ಅದರಾಚೆಗಿನ ಬಾಲ, ಅಂದರೆ ಆಮೇಲೂ ಉಳಿಯುವ ಗುಂಗು, ಸುಮಾರು 10 ಡಿಬಿ ಮಾತ್ರ ಕೆಳಗಿರುತ್ತದೆ. ಆ ಬಾಲ ಫಿಲ್ಟರ್‌ನ ಕೈಗೆ ಸಿಗುವುದೇ ಇಲ್ಲ. 30 ಡಿಬಿ ಬೇಕು ಅಂದರೆ ಸುಮಾರು 600 ಮಿಲಿಸೆಕೆಂಡ್, 16 ಕಿಲೋಹರ್ಟ್ಸ್‌ನಲ್ಲಿ 9,600 ಟ್ಯಾಪ್ (ಫಿಲ್ಟರ್ ಕಲಿಯಬೇಕಾದ ಅಂಕಿಗಳು). ಸ್ಟೀರಿಯೋ ಅಂದರೆ ಒಂದು ಮೈಕ್‌ಗೆ ಅಂಥವು ಎರಡು. ಸಾದಾ ಎನ್‌ಎಲ್‌ಎಂಎಸ್‌ನಲ್ಲಿ ಇದು ಸೆಕೆಂಡಿಗೆ 61 ಕೋಟಿಗೂ ಜಾಸ್ತಿ ಗುಣಾಕಾರ. ಬ್ಲಾಕ್‌ಗಳಾಗಿ ಆವರ್ತನ ಕ್ಷೇತ್ರದಲ್ಲಿ ಲೆಕ್ಕ ಮಾಡುವ ವಿಧಾನಗಳು ಬಂದದ್ದೇ ಇದಕ್ಕೆ.

ಹಾಗಂತ ಉದ್ದವನ್ನು ಕಣ್ಣು ಮುಚ್ಚಿ ಏರಿಸಬೇಡಿ. ಉದ್ದ ಆದಷ್ಟೂ ಕಲಿಯುವುದು ನಿಧಾನ. ಅದಕ್ಕಿಂತ ಹಿಂದಿನ ಗೋಡೆಗೆ ದಪ್ಪ ಕರ್ಟನ್ ಹಾಕಿಸಿ, ಮೈಕ್ ಹತ್ತಿರ ತನ್ನಿ. ಮಾತಾಡುವವರಿಂದ 2 ಮೀಟರ್ ದೂರದ ಮೈಕನ್ನು ಅರ್ಧ ಮೀಟರ್‌ಗೆ ತಂದರೆ ಅವರ ನೇರ ದನಿ 12 ಡಿಬಿ ಮೇಲೇರುತ್ತದೆ. ಎಕೋ ಇದ್ದಷ್ಟೇ ಇರುತ್ತದೆ. ಯಾವ ಅಲ್ಗಾರಿದಮ್ ಕೂಡ ಇಷ್ಟು ಅಗ್ಗಕ್ಕೆ 12 ಡಿಬಿ ಕೊಡುವುದಿಲ್ಲ.

ಇಲ್ಲಿಯವರು ಮಾತಾಡಿದ ಮೇಲೆ ಎಕೋ

ಗಡ್ಡೆ ಆ ಕಡೆಯವರು ಬದಲಾದಾಗ ಅಲ್ಲ, ನಿಮ್ಮ ಹಾಲ್‌ನವರು ನಡುವೆ ಬಾಯಿ ಹಾಕಿದ ನಂತರ ಬರುತ್ತಿದ್ದರೆ ಅದು ಡಬಲ್ ಟಾಕ್. ಇಬ್ಬರೂ ಒಟ್ಟಿಗೆ ಮಾತಾಡುವಾಗ ಫಿಲ್ಟರ್ ಇಲ್ಲಿನ ದನಿಯನ್ನೂ ತನ್ನ ತಪ್ಪು ಅಂದುಕೊಂಡು ತಿದ್ದಲು ಹೋಗಿ ಹಾಳಾಗುತ್ತದೆ. ಹಳೆಯ ಗೈಗೆಲ್ ವಿಧಾನ ಮೈಕ್ ಸಿಗ್ನಲ್ ರೆಫರೆನ್ಸ್‌ನ ಅರ್ಧಕ್ಕಿಂತ ಹೆಚ್ಚಾದರೆ ಕಲಿಯುವುದನ್ನು ನಿಲ್ಲಿಸುತ್ತದೆ. ದೂರವಾಣಿ ತಂತಿಗೆ ಅದು ಸರಿ. ಹಾಲ್‌ನಲ್ಲಿ ಆಂಪ್ ಜೋರಿದ್ದರೆ ಎಕೋವೇ ಆ ಮಟ್ಟ ದಾಟುತ್ತದೆ, ಫಿಲ್ಟರ್ ಕಲಿಯುವುದೇ ಇಲ್ಲ. ಎರಡು ಫಿಲ್ಟರ್ ಇಡುವ ಉಪಾಯ ಹೆಚ್ಚು ಗಟ್ಟಿ. ಒಂದು ಹಿಂದೆ ಕೂತು ಕಲಿಯುತ್ತಿರುತ್ತದೆ. ಅದು ನಿಜಕ್ಕೂ ಚೆನ್ನಾಗಿದೆ ಅಂತ ಕಂಡಾಗ ಮಾತ್ರ ಅದರ ಅಂಕಿಗಳನ್ನು ಮುಂದಿನದಕ್ಕೆ ನಕಲು ಮಾಡಲಾಗುತ್ತದೆ. ಒಚಿಯಾಯ್ ಮತ್ತು ಜೊತೆಗಾರರು 1977ರಲ್ಲೇ ಇದನ್ನು ಬರೆದಿದ್ದಾರೆ.

ಬಿಸಿಲು, ಫ್ಯಾನ್, ಕರೆಂಟ್

ರಾಯಚೂರಿನ ಬೇಸಿಗೆ ಗೊತ್ತಲ್ಲ. ಬೆಳಿಗ್ಗೆ ಕಲಿಸಿ ಸೇವ್ ಮಾಡಿಟ್ಟ ಫಿಲ್ಟರ್ ಮಧ್ಯಾಹ್ನ ಕೆಲಸಕ್ಕೆ ಬರುವುದಿಲ್ಲ. ಕಾರಣ ಶಬ್ದದ ವೇಗ. 25 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್, 30 ಡಿಗ್ರಿಯಲ್ಲಿ 349 ಮೀಟರ್. ಶೇಕಡಾ ಒಂದಕ್ಕಿಂತ ಸ್ವಲ್ಪ ಕಡಿಮೆ ವ್ಯತ್ಯಾಸ. ಸುಮ್ನೆ ನೋಡಿದರೆ ಏನೂ ಅಲ್ಲ. ಆದರೆ 30 ಮಿಲಿಸೆಕೆಂಡ್‌ಗೆ ಬರುವ ಪ್ರತಿಫಲನ 16 ಕಿಲೋಹರ್ಟ್ಸ್‌ನಲ್ಲಿ 4 ಸ್ಯಾಂಪಲ್ ಸರಿಯುತ್ತದೆ. 300 ಮಿಲಿಸೆಕೆಂಡ್‌ನದು 40ಕ್ಕೂ ಜಾಸ್ತಿ. ಎಸಿ ಹಾಕಿದ ಮೇಲೆ ಹಾಲ್ ತಣ್ಣಗಾಗುವವರೆಗೂ ಬಾಲದ ಭಾಗ ಓಡುತ್ತಲೇ ಇರುತ್ತದೆ. ಎಸಿಯನ್ನು ಸಭೆಗೆ ಮುಂಚೆಯೇ ಹಾಕಿ, ಫಿಲ್ಟರ್‌ಗೆ ಆಮೇಲೆ ಕಲಿಸಿ.

ಸೀಲಿಂಗ್ ಫ್ಯಾನ್ ರೆಕ್ಕೆ ತಿರುಗುವಾಗ ಪ್ರತಿಫಲನ ಕೂಡ ಅದರ ಜೊತೆ ತಿರುಗುತ್ತದೆ. ಫ್ಯಾನ್ ಆಫ್ ಮಾಡಿದಾಗ ಇಆರ್‌ಎಲ್‌ಇ ಏರಿದರೆ ಆ ಮಿತಿಯನ್ನು ಒಪ್ಪಿಕೊಂಡು ಉಳಿದದ್ದನ್ನು ಸಪ್ರೆಸರ್‌ಗೆ ಬಿಡಿ. ಬೇಸಿಗೆಯಲ್ಲಿ ಫ್ಯಾನ್ ಆಫ್ ಮಾಡಿ ಅಂತ ಹೇಳುವ ಧೈರ್ಯ ನನಗಿಲ್ಲ.

ಕರೆಂಟ್ ಹೋಗಿ ಜನರೇಟರ್ ಶುರುವಾದಾಗ ಯುಎಸ್‌ಬಿ ಸಾಧನ ಬಿಟ್ಟು ಮತ್ತೆ ಸೇರುತ್ತದೆ, ಬಫರ್ ಬೇರೆ ಆಗಿ ವಿಳಂಬ ಜಿಗಿಯುತ್ತದೆ. ಟಕ್ ಪರೀಕ್ಷೆ ಮತ್ತೆ ಮಾಡಿ. ಸಾಧ್ಯವಾದರೆ ಸೌಂಡ್ ಕಾರ್ಡ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಯುಪಿಎಸ್ ಕೊಡಿ. ಜನರೇಟರ್ ಜೊತೆ 50 ಹರ್ಟ್ಸ್‌ನ ಗುಂಯ್ ಬಂದರೆ ಅದು ಎಕೋ ತರುವುದಿಲ್ಲ, ಕಲಿಯುವುದನ್ನು ನಿಧಾನ ಮಾಡುತ್ತದೆ. ಮೈಕ್ ಮತ್ತು ರೆಫರೆನ್ಸ್ ಎರಡಕ್ಕೂ 100 ಹರ್ಟ್ಸ್ ಆಸುಪಾಸಿನ ಹೈಪಾಸ್ (ಅದಕ್ಕಿಂತ ಕೆಳಗಿನ ಆವರ್ತನ ತಡೆಯುವ ಫಿಲ್ಟರ್) ಹಾಕಿ.

ಸಂಗೀತ ಪಾಠ ಇದ್ದರೆ

ಮಾತಿಗೆ ಹೇಳಿದ ಡಿಕೋರಿಲೇಷನ್ ಸಂಗೀತಕ್ಕೆ ಆಗುವುದಿಲ್ಲ. ತಂಬೂರಿಯ ಶ್ರುತಿಯಲ್ಲಿ ಆ ಧನ, ಋಣ ಭಾಗ ಕೂಡಿಸಿದ ವಿಕೃತಿ ತಕ್ಷಣ ಗೊತ್ತಾಗುತ್ತದೆ. ಹೆರೆ, ಬುಕ್ನರ್, ಕೆಲ್ಲರ್‌ಮನ್ 2007ರಲ್ಲಿ ತೋರಿಸಿದ ದಾರಿ ಇಲ್ಲಿ ಚೆನ್ನಾಗಿದೆ. ಎರಡು ಚಾನೆಲ್‌ನ ಫೇಸ್ (ಅಲೆ ತನ್ನ ಸುತ್ತಿನಲ್ಲಿ ಇರುವ ಹಂತ) ಅನ್ನು ನಿಧಾನಕ್ಕೆ ಆಚೀಚೆ ಆಡಿಸುವುದು, ಕೆಳಗಿನ ಆವರ್ತನಗಳಲ್ಲಿ ಬಹಳ ಕಡಿಮೆ, ಮೇಲೆ ಹೋದಂತೆ ಜಾಸ್ತಿ. ಎಡ-ಬಲದ ಫೇಸ್ ವ್ಯತ್ಯಾಸವನ್ನು ಕಿವಿ ಸೂಕ್ಷ್ಮವಾಗಿ ಹಿಡಿಯುವುದು ಕೆಳಗಿನ ಆವರ್ತನಗಳಲ್ಲೇ, ಅದಕ್ಕೇ ಈ ಹಂಚಿಕೆ. ಇದನ್ನು ಹಾಕಲು ಸಾಧನವಿಲ್ಲ, ಸಮಯವಿಲ್ಲ ಅಂದರೆ ಹಾಡು ಹೇಳಿಕೊಡುವ ಹೊತ್ತಿಗೆ ಸ್ಟೀರಿಯೋ ಬಿಟ್ಟು ಮೊನೊಗೆ ಹಾಕಿ. ಇಲ್ಲಿ ಕಲಿಯುವವರು ಒಬ್ಬಿಬ್ಬರೇ ಇದ್ದರೆ ಅವರಿಗೆ ಹೆಡ್‌ಫೋನ್ ಕೊಟ್ಟು ಸ್ಪೀಕರನ್ನೇ ಆಫ್ ಮಾಡಿ.